ಲಿನಕ್ಸ್, ಫ್ರೀಬಿಎಸ್‌ಡಿ, ವಿಂಡೋಸ್‌ಗೆ ಒಂದೇ ಆಡಿಟ್ ಎಪಿಐ: ಯಾವುದನ್ನು ಒಂದಾಗಿಸಬೇಕು, ಯಾವುದನ್ನು ಮುಟ್ಟಬಾರದು?

ತಂತುಜಾಲ

ಭದ್ರತಾ ಆಡಿಟ್ ದಾಖಲೆ, ಅಂದರೆ ಯಂತ್ರದಲ್ಲಿ ಯಾರು ಏನು ಮಾಡಿದರು ಎಂಬ ದಾಖಲೆ, ಬರೆಯಲು ಮತ್ತು ಓದಲು ಒಂದು ಸಿ ಲೈಬ್ರರಿ ಬೇಕಾಗಿದೆ. ಓಡಬೇಕಾದ ಕಡೆಗಳು: ಎಕ್ಸ್86-64 ಮತ್ತು ಆರ್ಮ್64 ಲಿನಕ್ಸ್, ಫ್ರೀಬಿಎಸ್‌ಡಿ, ವಿಂಡೋಸ್ ಸರ್ವರ್. ಮ್ಯಾಕ್‌ಓಎಸ್ ಆಮೇಲೆ. ಸದ್ಯ ಇರುವುದು ಮೂರು ಬೇರೆ ಬೇರೆ ಕೋಡು, ನಡುನಡುವೆ ಓಎಸ್ ನೋಡಿ ಕೋಡ್ ಆರಿಸುವ ಇಫ್‌ಡೆಫ್. ಹೆಡರ್ ಫೈಲ್ ಒಂದೇ ಇರಬೇಕು ಎಂಬುದು ಬೇಡಿಕೆ.

ಕೇಳಬೇಕಾದ್ದು ಇಷ್ಟು. ಘಟನೆಗಳಿಗೆ ನಾವೇ ಹೊಸ ಸಂಖ್ಯೆ ಕೊಡಬೇಕೋ, ಆಯಾ ಓಎಸ್‌ನದ್ದನ್ನೇ ಉಳಿಸಬೇಕೋ? ಏನನ್ನು ದಾಖಲಿಸಬೇಕು ಎಂಬ ನಿಯಮ ಹಾಕುವ ಕೆಲಸವೂ ಇದೇ ಎಪಿಐಗೆ ಸೇರಬೇಕೆ? ದಾಖಲೆ ಕಳೆದುಹೋದರೆ ಓದುವ ಪ್ರೋಗ್ರಾಮಿಗೆ ಅದನ್ನು ತಿಳಿಸುವುದು ಹೇಗೆ?

ಹಳೇಕರ್ನಲ್

ಮೊದಲು ಪೋಸಿಕ್ಸ್ (ಯುನಿಕ್ಸ್ ಬಳಗದ ಸಾಮಾನ್ಯ ಮಾನದಂಡ) 1003.1ಇ ಕರಡು ಓದಿ. 17ನೇ ಕರಡು 1997ರದ್ದು. 1998ರ ಜನವರಿಯಲ್ಲಿ ಇಡೀ ಕೆಲಸವನ್ನೇ ಹಿಂತೆಗೆದುಕೊಂಡರು. ಅದರ ಎಸಿಎಲ್ (ಅನುಮತಿ ಪಟ್ಟಿ) ಮತ್ತು ಕೇಪಬಿಲಿಟಿ (ರೂಟ್ ಅಧಿಕಾರದ ಬಿಡಿ ತುಂಡುಗಳು) ಭಾಗಗಳು ಲಿನಕ್ಸ್‌ನಲ್ಲಿ ಇವತ್ತಿಗೂ ಬಳಕೆಯಲ್ಲಿವೆ, ಆಡಿಟ್ ಭಾಗವನ್ನು ಮಾತ್ರ ಹೆಚ್ಚಿನವರು ಎತ್ತಿಕೊಳ್ಳಲಿಲ್ಲ. ಆದರೆ ವಿನ್ಯಾಸ ಕೆಟ್ಟದ್ದೇನಲ್ಲ.

ಅಲ್ಲಿ ದಾಖಲೆ ಎಂದರೆ ಒಳಗೇನಿದೆ ಎಂದು ತೋರಿಸದ ಒಂದು ಹ್ಯಾಂಡಲ್. ಆಡ್_ಇನಿಟ್_ರೆಕಾರ್ಡ್ ಕರೆದು ಶುರು ಮಾಡಿ, ತಲೆಬರಹ, ಕರ್ತೃ, ವಸ್ತು, ಘಟನೆಯ ವಿವರ ಇವನ್ನು ಬೇರೆ ಬೇರೆ ಕರೆಗಳಿಂದ ತುಂಬಿ, ಕೊನೆಗೆ ಆಡ್_ರೈಟ್. ಮೆಮೊರಿಯಲ್ಲಿರುವ ರೂಪವೇ ಬೇರೆ, ಹೊರಗೆ ಸಾಗಿಸುವ ರೂಪವೇ ಬೇರೆ. ಒಂದರಿಂದ ಇನ್ನೊಂದಕ್ಕೆ ಹೋಗಲು ಪ್ರತ್ಯೇಕ ಕರೆ. ಸ್ಟ್ರಕ್ಟ್ ಅನ್ನು ನೇರವಾಗಿ ಹೆಡರ್‌ನಲ್ಲಿ ಬಿಚ್ಚಿಟ್ಟ ಎಪಿಐಗಳು ಎರಡನೇ ಆವೃತ್ತಿಗೇ ಒಡೆಯುತ್ತವೆ. ಇಲ್ಲಿ ಆ ಭಯ ಇಲ್ಲ.

ಎಡವಟ್ಟಾದದ್ದು ಘಟನೆಗಳ ಪಟ್ಟಿಯಲ್ಲಿ. ಅದನ್ನು ಪೋಸಿಕ್ಸ್ ಕರೆಗಳ ಸುತ್ತಲೇ ಹೆಣೆದಿದ್ದರು. ವಿಂಡೋಸ್‌ನಲ್ಲಿ ಫೋರ್ಕ್ ಎಲ್ಲಿದೆ? ಅಲ್ಲಿ ಫೈಲ್ ತೆರೆಯುವುದು 4656, ಅಂದರೆ ಹ್ಯಾಂಡಲ್ ಕೇಳಿದ್ದು, ನಿಜವಾಗಿ ಮುಟ್ಟಿದ್ದು 4663, ಮುಚ್ಚಿದ್ದು 4658. ಒಂದು ಕರೆಗೆ ಒಂದು ಘಟನೆ ಎಂಬ ಲೆಕ್ಕ ಅಲ್ಲಿ ಕೂರುವುದೇ ಇಲ್ಲ.

ಅದೇ 1998ರಲ್ಲಿ ಓಪನ್ ಗ್ರೂಪ್ ಎಕ್ಸ್‌ಡಾಸ್ ಎಂಬ ವಿತರಿತ ಆಡಿಟ್ ಸೇವೆಯ ಪ್ರಾಥಮಿಕ ನಿರ್ದೇಶನ ಹೊರತಂದಿತು. ಅದರಿಂದ ಕದಿಯಬೇಕಾದ್ದು ಒಂದೇ: ಫಲಿತಾಂಶ ಎರಡಲ್ಲ, ಮೂರು. ಆಯಿತು, ಆಗಲಿಲ್ಲ, ತಡೆಯಲಾಯಿತು. ಡಿಸ್ಕ್ ತುಂಬಿ ಬರವಣಿಗೆ ವಿಫಲವಾದದ್ದಕ್ಕೂ ಅನುಮತಿ ಇಲ್ಲವೆಂದು ತಡೆದದ್ದಕ್ಕೂ ತನಿಖೆಯಲ್ಲಿ ಭೂಮಿ ಆಕಾಶದ ಅಂತರ. ಲಿನಕ್ಸ್‌ನ ಸಕ್ಸೆಸ್=ನೋ, ವಿಂಡೋಸ್‌ನ ಆಡಿಟ್ ಫೇಲ್ಯೂರ್, ಎರಡೂ ಇವನ್ನು ಒಂದೇ ಬುಟ್ಟಿಗೆ ಹಾಕುತ್ತವೆ. ನಿಮ್ಮ ಎಪಿಐಯಲ್ಲಿ ನಾಲ್ಕು ಬೆಲೆ ಇಡಿ, ನಾಲ್ಕನೆಯದು "ತಿಳಿಯದು".

ಬೀದರ್‌ಬೈಟ್

ಯಾಕ್ರಿ ಇಷ್ಟು ಗುದ್ದಾಟ? ಭದ್ರತಾ ದಾಖಲೆಗೆ ಸಾಮಾನ್ಯ ರೂಪ ಕೊಡೋ ಓಸಿಎಸ್‌ಎಫ್ ಅದ ಅಲ್ರಿ. 2022ರಿಂದ ನಡದದ, ದೊಡ್ಡ ದೊಡ್ಡ ಕಂಪನಿ ಎಲ್ಲಾ ಒಪ್ಪ್ಯಾವ. ಲಾಗಿನ್ ಅಂದ್ರ 3002 ವರ್ಗ, ಪ್ರೋಸೆಸ್ ಅಂದ್ರ 1007, ಫೈಲ್ ಅಂದ್ರ 1001. ವರ್ಗಾನ 100ರಿಂದ ಗುಣಿಸಿ ಕ್ರಿಯೆ ಕೂಡಿಸಿದ್ರ ವಿಧದ ಸಂಖ್ಯೆ: ಲಾಗಿನ್ 300201. ಅದನ್ನ ಹಾಕಿ ಮುಗಸ್ರಿ.

ಹಳೇಕರ್ನಲ್

ಅದು ಸ್ಕೀಮಾ ರೀ, ಎಪಿಐ ಅಲ್ಲ. ದಾಖಲೆ ಕೈಗೆ ಬಂದ ಮೇಲೆ ಹೇಗೆ ಜೋಡಿಸಬೇಕು ಎಂದು ಹೇಳುತ್ತದೆ. ಕರ್ನಲ್ ಸರತಿ ತುಂಬಿದಾಗ ಏನಾಗಬೇಕು, ಓದುವವನು ಸತ್ತು ಎದ್ದಾಗ ಎಲ್ಲಿಂದ ಮುಂದುವರಿಯಬೇಕು, ಬರೆಯುವ ಪ್ರೋಗ್ರಾಮಿಗೆ ಯಾವ ಅಧಿಕಾರ ಬೇಕು, ಇವಕ್ಕೆ ಅದರಲ್ಲಿ ಉತ್ತರ ಇಲ್ಲ, ಇರಬೇಕಾಗಿಯೂ ಇಲ್ಲ. ಲೈಬ್ರರಿಯ ಮೇಲೊಂದು ಪದರವಾಗಿ ಓಸಿಎಸ್‌ಎಫ್‌ಗೆ ಪರಿವರ್ತಿಸಿ, ತಕರಾರಿಲ್ಲ. ಮೂಲದಲ್ಲೇ ಪರಿವರ್ತಿಸಿ ಮೂಲ ಬೈಟುಗಳನ್ನು ಎಸೆಯಬೇಡಿ. ಪರಿವರ್ತಕದಲ್ಲಿ ಬಗ್ ಇದ್ದದ್ದು ಆರು ತಿಂಗಳ ನಂತರ ಗೊತ್ತಾದರೆ, ಮೂಲ ಇದ್ದವರು ಮತ್ತೆ ಪಾರ್ಸ್ ಮಾಡಬಹುದು. ಇಲ್ಲದವರಿಗೆ ದಾರಿಯೇ ಇಲ್ಲ.

ಕಡಲತಡಿ

ಹೌದು ಮಾರಾಯ್ರೆ, ಮೂಲ ಇಟ್ಟುಕೊಳ್ಳಲೇಬೇಕು. ಸಂಖ್ಯೆಗಳ ವಿಷಯದಲ್ಲಿ ಜನ ಎಷ್ಟು ಸಲೀಸಾಗಿ ಮೋಸ ಹೋಗುತ್ತಾರೆ ಎಂದರೆ:

ಹೊಸ ಪ್ರೋಗ್ರಾಮ್ ಓಡಿಸುವ ಎಕ್ಸೆಕ್‌ವಿಇ ಕರೆ ಎಕ್ಸ್86-64ರಲ್ಲಿ 59, 32 ಬಿಟ್ ಎಕ್ಸ್86ರಲ್ಲಿ 11, ಆರ್ಮ್64ರಲ್ಲಿ 221. ಓಪನ್ ಎಂಬ ಕರೆ ಎಕ್ಸ್86-64ರಲ್ಲಿ 2. ಆರ್ಮ್64ರಲ್ಲಿ ಆ ಕರೆಯೇ ಇಲ್ಲ, ಇರುವುದು ಓಪನ್‌ಅಟ್, ಅದು 56. ಹಾಗಾಗಿ ದಾಖಲೆಯ ಆರ್ಚ್ ಕ್ಷೇತ್ರ ಓದದೆ ಸಿಸ್‌ಕಾಲ್ (ಕರ್ನಲ್‌ಗೆ ಮಾಡುವ ಕರೆ) ಸಂಖ್ಯೆಗೆ ಅರ್ಥವೇ ಇಲ್ಲ. 64 ಬಿಟ್ ಯಂತ್ರದಲ್ಲಿ 32 ಬಿಟ್ ಪ್ರೋಗ್ರಾಮ್ ಓಡಿದರೂ ಇದೇ ಸಮಸ್ಯೆ. ಆದ್ದರಿಂದಲೇ ಲಿನಕ್ಸ್‌ನಲ್ಲಿ ನಿಯಮ ಹಾಕುವ ಆಡಿಟ್‌ಸಿಟಿಎಲ್‌ನಲ್ಲಿ ಬಿ64 ಮತ್ತು ಬಿ32 ಎಂದು ಎರಡೆರಡು ನಿಯಮ ಬರೆಯಬೇಕು.

ದೋಷ ಸಂಖ್ಯೆಗಳೂ ಹಾಗೇ. ಅನುಮತಿ ಇಲ್ಲ ಎಂಬುದು ಯುನಿಕ್ಸ್ ಬಳಗದಲ್ಲೆಲ್ಲ 13, ಅದನ್ನು ನೋಡಿ ಉಳಿದದ್ದೂ ಒಂದೇ ಅಂದುಕೊಳ್ಳುತ್ತಾರೆ. ಸಂಪರ್ಕ ನಿರಾಕರಣೆ ಲಿನಕ್ಸ್‌ನಲ್ಲಿ 111, ಫ್ರೀಬಿಎಸ್‌ಡಿಯಲ್ಲಿ 61, ಸೋಲಾರಿಸ್‌ನಲ್ಲಿ 146. ಐಪಿವಿ6 ವಿಳಾಸ ಕುಟುಂಬ ಲಿನಕ್ಸ್‌ನಲ್ಲಿ 10, ವಿಂಡೋಸ್‌ನಲ್ಲಿ 23, ಸೋಲಾರಿಸ್‌ನಲ್ಲಿ 26, ಫ್ರೀಬಿಎಸ್‌ಡಿಯಲ್ಲಿ 28, ಮ್ಯಾಕ್‌ನಲ್ಲಿ 30. ಒಂದು ಯಂತ್ರದ ದಾಖಲೆಯನ್ನು ಇನ್ನೊಂದರಲ್ಲಿ ಓದಿ, ದೋಷ ಸಂಖ್ಯೆಯನ್ನು ಪಠ್ಯವಾಗಿಸುವ ಸ್ಟ್ರೆರರ್ ಕರೆದರೆ ಸುಳ್ಳು ಸಾಲು ಬರುತ್ತದೆ, ಅದೂ ನಂಬುವ ಹಾಗೆ ಬರುತ್ತದೆ.

ಓಪನ್‌ಬಿಎಸ್ಎಂನವರು (ಬಿಎಸ್ಎಂ ಎಂದರೆ ಫ್ರೀಬಿಎಸ್‌ಡಿ ಬಳಸುವ ಬೈನರಿ ಆಡಿಟ್ ರೂಪ) ಇದಕ್ಕೆ ಸರಿಯಾದ ಮದ್ದು ಹುಡುಕಿದ್ದಾರೆ. ದಾಖಲೆಯೊಳಗೆ ಹೋಗುವ ದೋಷ ಸಂಖ್ಯೆ, ಸಾಕೆಟ್ ಕುಟುಂಬ, ಸಾಕೆಟ್ ವಿಧ ಎಲ್ಲಕ್ಕೂ ಓಎಸ್‌ಗೆ ಅಂಟದ ಪ್ರತ್ಯೇಕ ಸಂಖ್ಯಾವಳಿ ಉಂಟು. ಬರೆಯುವಾಗ ಸ್ಥಳೀಯದಿಂದ ಅದಕ್ಕೆ, ಓದುವಾಗ ಅದರಿಂದ ಸ್ಥಳೀಯಕ್ಕೆ ಬದಲಿಸುವ ಕರೆಗಳು ಉಂಟು. ಸ್ಥಳೀಯವಾಗಿ ಅಂಥ ದೋಷ ಇಲ್ಲದಿದ್ದರೆ ಬದಲಿಸುವ ಕರೆ ವಿಫಲವಾಗುತ್ತದೆ, ಊಹೆ ಮಾಡುವುದಿಲ್ಲ.

ನನ್ನ ಸಲಹೆ: ಕ್ರಿಯೆಗೆ ಸಣ್ಣದೊಂದು ಸಾಮಾನ್ಯ ಪಟ್ಟಿ ಇರಲಿ, 20 ದಾಟಬಾರದು. ಲಾಗಿನ್, ಲಾಗೌಟ್, ಗುರುತು ಬದಲಾವಣೆ, ಪ್ರೋಸೆಸ್ ಶುರು, ಪ್ರೋಸೆಸ್ ಅಂತ್ಯ, ವಸ್ತು ತೆರೆದದ್ದು, ಅಳಿಸಿದ್ದು, ಅನುಮತಿ ಬದಲು, ಆಡಿಟ್ ನೀತಿ ಬದಲು, ಲಾಗ್ ಅಳಿಸಿದ್ದು, ಹೀಗೆ. ಅದರ ಪಕ್ಕದಲ್ಲೇ ಮೂಲ ಸಂಖ್ಯೆ, ಅದು ಯಾವ ಓಎಸ್‌ನ ಯಾವ ಆರ್ಕಿಟೆಕ್ಚರ್‌ನದ್ದು ಎಂಬ ಗುರುತಿನ ಜೊತೆ. ಪಟ್ಟಿಗೆ ಹೊಂದದ್ದಕ್ಕೆ "ಇತರೆ". ಅದನ್ನು ಯಾವುದೋ ಹತ್ತಿರದ ಕ್ರಿಯೆಗೆ ತುರುಕಬೇಡಿ.

ಶೂನ್ಯಸೂಚಕ

ಓದುವ ಬದಿಯಲ್ಲಿ ಲಿನಕ್ಸ್ ಕೊಡುವ ಕಾಟ ವಿವರವಾಗಿ ಹೇಳಬೇಕು, ಯಾಕೆಂದರೆ ಎಪಿಐಯ ಆಕಾರವೇ ಅದರಿಂದ ಬದಲಾಗುತ್ತದೆ.

ಬಿಎಸ್ಎಂನಲ್ಲಿ ಒಂದು ಘಟನೆ ಎಂದರೆ ಒಂದು ದಾಖಲೆ: ಹೆಡರ್ ಟೋಕನ್, ನಡುವೆ ಪಾತ್, ಸಬ್ಜೆಕ್ಟ್, ರಿಟರ್ನ್ ಟೋಕನ್‌ಗಳು, ಕೊನೆಗೆ ಟ್ರೈಲರ್. ಲಿನಕ್ಸ್‌ನಲ್ಲಿ ಒಂದು ಎಕ್ಸೆಕ್‌ವಿಇ ಘಟನೆ ಎಂದರೆ ಸಿಸ್‌ಕಾಲ್ 1300, ಎಕ್ಸೆಕ್‌ವಿಇ 1309, ಸಿಡಬ್ಲ್ಯುಡಿ (ಪ್ರೋಸೆಸ್ ಆಗ ಇದ್ದ ಡೈರೆಕ್ಟರಿ) 1307, ಎರಡು ಪಾತ್ 1302, ಪ್ರಾಕ್‌ಟೈಟಲ್ 1327. ಒಟ್ಟು ಆರು ಸಾಲು. ಎಲ್ಲಕ್ಕೂ ಒಂದೇ ಮಿಲಿಸೆಕೆಂಡ್ ಸಮಯ, ಒಂದೇ ಸರಣಿ ಸಂಖ್ಯೆ. ಬೇರೆ ಸಿಪಿಯುನ ಘಟನೆಯ ಸಾಲುಗಳು ನಡುವೆ ಬೆರೆಯಬಹುದು. ಮುಗಿಯಿತು ಎಂದು ಸಾರಲು ಇಓಇ ಎಂಬ 1320ನೇ ದಾಖಲೆ ಇದೆ, ಆದರೆ ಅದು ನೇರಪ್ರಸಾರಕ್ಕೆ ಮಾತ್ರ. ಕರ್ನಲ್‌ನಿಂದ ದಾಖಲೆ ಪಡೆದು ಬರೆದಿಡುವ ಡೀಮನ್ ಆಡಿಟ್‌ಡಿ ಅದನ್ನು ಡಿಸ್ಕ್‌ಗೆ ಬರೆಯುವುದಿಲ್ಲ. ಫೈಲಿನಿಂದ ಓದುವಾಗ ಘಟನೆ ಮುಗಿಯಿತೋ ಇಲ್ಲವೋ ಎಂಬುದಕ್ಕೆ ಆಯುಪಾರ್ಸ್ (ಲಿನಕ್ಸ್ ಆಡಿಟ್ ದಾಖಲೆ ಓದುವ ಲೈಬ್ರರಿ) ಕಾಲಮಿತಿ ನೋಡುತ್ತದೆ, ಸಾಮಾನ್ಯವಾಗಿ 2 ಸೆಕೆಂಡು.

ಅಂದರೆ "ಮುಂದಿನ ದಾಖಲೆ ಕೊಡು" ಎಂಬ ಸರಳ ಕರೆ ಲಿನಕ್ಸ್‌ನಲ್ಲಿ 2 ಸೆಕೆಂಡು ತಡ ಮಾಡಬಹುದು, ಅಥವಾ ಅರ್ಧ ಘಟನೆ ಕೊಡಬಹುದು. ಎರಡನ್ನೂ ಎಪಿಐ ಬಾಯಿಬಿಟ್ಟು ಹೇಳಬೇಕು: ಪ್ರತಿ ಘಟನೆಗೆ "ಪೂರ್ಣ" ಅಥವಾ "ಕಾಲಮಿತಿ ಮೀರಿ ಮುಚ್ಚಿದ್ದು" ಎಂಬ ಗುರುತು.

ಪಾರ್ಸರ್ ಸ್ವತಃ ಬರೆಯಲು ಹೋಗಬೇಡಿ. ಫಲಿತಾಂಶವೊಂದೇ ಮೂರು ವೇಷದಲ್ಲಿ ಬರುತ್ತದೆ: ಸಿಸ್‌ಕಾಲ್ ಸಾಲಿನಲ್ಲಿ ಸಕ್ಸೆಸ್=ಯೆಸ್, ಪ್ರೋಗ್ರಾಮುಗಳು ಕಳಿಸಿದ ಸಾಲಿನಲ್ಲಿ ರೆಸ್=ಸಕ್ಸೆಸ್, ಸಂರಚನೆ ಬದಲಾದ ಸಾಲಿನಲ್ಲಿ ರೆಸ್=1. ಆರ್ಗ್ಯುಮೆಂಟ್‌ಗಳು ಉದ್ದವಾದರೆ ಎಕ್ಸೆಕ್‌ವಿಇ ಸಾಲು ತುಂಡಾಗಿ ಹಲವಾಗುತ್ತದೆ, ಒಂದೇ ಆರ್ಗ್ಯುಮೆಂಟ್ ಕೂಡ ಸೂಚ್ಯಂಕದ ಜೊತೆ ಹರಿದು ಬರುತ್ತದೆ. ಲಿಬ್‌ಆಯುಪಾರ್ಸ್‌ನ ಫೀಡ್ ಮಾದರಿ ಬಳಸಿ: ಬೈಟು ಉಣಿಸುತ್ತಾ ಹೋಗುವುದು, ಘಟನೆ ಸಿದ್ಧವಾದಾಗ ಅದೇ ಕಾಲ್‌ಬ್ಯಾಕ್ ಕರೆಯುತ್ತದೆ. ಮುಚ್ಚುವ ಮೊದಲು ಫ್ಲಶ್ ಮರೆತರೆ ಕೊನೆಯ ಘಟನೆ ಒಳಗೇ ಉಳಿದು ಮಾಯ.

ಇನ್ನೊಂದು ಗುಂಡಿ, ಸಾಪೇಕ್ಷ ಪಾತ್. ಪಾತ್ ಸಾಲಿನಲ್ಲಿ ಬರೀ ಫೈಲ್ ಹೆಸರಿದ್ದರೆ ಸಿಡಬ್ಲ್ಯುಡಿ ಸಾಲಿನ ಜೊತೆ ಜೋಡಿಸಿಬಿಡುವುದು ಎಲ್ಲರ ಅಭ್ಯಾಸ. ಓಪನ್‌ಅಟ್‌ನಲ್ಲಿ ಇದು ತಪ್ಪಾಗಬಹುದು. ಕರೆಯ ಮೊದಲ ಆರ್ಗ್ಯುಮೆಂಟನ್ನು 32 ಬಿಟ್ ಚಿಹ್ನೆಸಹಿತ ಸಂಖ್ಯೆಯಾಗಿ ಓದಿ. ಮೈನಸ್ 100 ಇದ್ದರೆ ಮಾತ್ರ ಸಿಡಬ್ಲ್ಯುಡಿ ಅನ್ವಯ. ಬೇರೆ ಸಂಖ್ಯೆ ಇದ್ದರೆ ಅದು ತೆರೆದಿಟ್ಟ ಯಾವುದೋ ಡೈರೆಕ್ಟರಿಯ ಡಿಸ್ಕ್ರಿಪ್ಟರ್, ಅದರ ಪಾತ್ ಆ ದಾಖಲೆಯಲ್ಲಿ ಇರುವುದಿಲ್ಲ. ಆಗ ಪೂರ್ಣ ಪಾತ್ ಖಾಲಿ ಬಿಟ್ಟು ಡಿವೈಸ್ ಮತ್ತು ಐನೋಡ್ ಕೊಡಿ. ತಪ್ಪು ಪಾತ್ ಕೊಡುವುದಕ್ಕಿಂತ ಇದು ಎಷ್ಟೋ ಮೇಲು.

ಬೀದರ್‌ಬೈಟ್

ಹಂಗಾರ ಪಠ್ಯ ಬಿಟ್ಟು ಬೈನರಿ ಒಳ್ಳೇದಾತಲ್ರಿ, ಬಿಎಸ್ಎಂ ಹಂಗ?

ಹಳೇಕರ್ನಲ್

ಬೈನರಿ ಎಂದ ಮಾತ್ರಕ್ಕೆ ಒಳ್ಳೆಯದಾಗುವುದಿಲ್ಲ. ಬಿಎಸ್ಎಂ ಟೋಕನ್‌ಗೆ ವಿಧ ಹೇಳುವ ಬೈಟ್ ಇದೆ, ಎಲ್ಲ ಟೋಕನ್‌ಗೂ ಒಂದೇ ಕಡೆ ಸಿಗುವ ಉದ್ದದ ಕ್ಷೇತ್ರ ಇಲ್ಲ. ಗೊತ್ತಿಲ್ಲದ ಟೋಕನ್ ಒಂದು ಬಂತೋ, ಅದನ್ನು ಹಾರಿ ಮುಂದಿನದಕ್ಕೆ ಹೋಗಲು ಆಗದು. ಹೆಡರ್‌ನಲ್ಲಿರುವ ದಾಖಲೆಯ ಒಟ್ಟು ಉದ್ದ ಹಿಡಿದು ಟ್ರೈಲರ್‌ವರೆಗಿನ ಎಲ್ಲವನ್ನೂ ಬಿಡಬೇಕು. ಹಳೆಯ ಓದುಗನಿಗೆ ಹೊಸ ಟೋಕನ್ ಸಿಕ್ಕಿದರೆ ಅದರ ನಂತರ ಬರುವ ರಿಟರ್ನ್ ಟೋಕನ್ ಕೂಡ ಹೋಯಿತು. ನಿಮ್ಮ ಸಾಗಣೆ ರೂಪದಲ್ಲಿ ಪ್ರತಿ ಕ್ಷೇತ್ರಕ್ಕೂ ವಿಧ, ಉದ್ದ, ಬೆಲೆ, ಈ ಕ್ರಮ ಇರಲೇಬೇಕು. ಬೈಟ್ ಕ್ರಮ ನೆಟ್‌ವರ್ಕ್‌ನದ್ದು. ಸಮಯಕ್ಕೆ 64 ಬಿಟ್. 32 ಬಿಟ್ ಸೆಕೆಂಡು ಬೇಡವೇ ಬೇಡ.

ಬಿಎಸ್ಎಂನಿಂದ ತೆಗೆದುಕೊಳ್ಳಬೇಕಾದ್ದು: ಟ್ರೈಲರ್‌ನಲ್ಲೂ ಉದ್ದ ಬರೆಯುವುದು. ಫೈಲಿನ ಕೊನೆಯಿಂದ ಹಿಂದಕ್ಕೆ ಓದಬಹುದು, ಕರೆಂಟು ಹೋಗಿ ಅರ್ಧ ಬರೆದ ದಾಖಲೆ ಯಾವುದೆಂದು ಗುರುತಿಸಬಹುದು.

ಕಡಲತಡಿ

ಬರೆಯುವ ಬದಿಗೆ ಒಂದು ಕರಡು. ಹೆಸರುಗಳು ಓದಲಿಕ್ಕೆ ಸುಲಭ ಆಗಲಿ ಎಂದು ಕನ್ನಡದಲ್ಲಿ:

ಬರಹಗಾರ = ಆಡಿಟ್_ಬರಹ_ತೆರೆ(ಪ್ರೋಗ್ರಾಮ್_ಹೆಸರು, &ಸ್ಥಿತಿ);
ದಾಖಲೆ = ಆಡಿಟ್_ಕಾಯ್ದಿರಿಸು(ಬರಹಗಾರ, ಕ್ರಿಯೆ_ಲಾಗಿನ್);
ಆಡಿಟ್_ವಸ್ತು_ಬೈಟ್(ದಾಖಲೆ, ವಿಧ_ಖಾತೆ, ಬೈಟುಗಳು, ಉದ್ದ);
ಆಡಿಟ್_ಮೂಲ_ವಿಳಾಸ(ದಾಖಲೆ, &ವಿಳಾಸ, ವಿಳಾಸದ_ಉದ್ದ);
ಆಡಿಟ್_ಫಲಿತಾಂಶ(ದಾಖಲೆ, ತಡೆಯಲಾಯಿತು, ಸ್ಥಳೀಯ_ದೋಷ);
ಆಡಿಟ್_ಸಲ್ಲಿಸು(ದಾಖಲೆ);

ಇದರಲ್ಲಿ "ಯಾರು" ಎಂದು ಹೇಳುವ ಕರೆ ಇಲ್ಲದ್ದನ್ನು ಗಮನಿಸಿ. ಅದು ಬೇಕೆಂದೇ ಬಿಟ್ಟದ್ದು. ಲಿನಕ್ಸ್‌ನಲ್ಲಿ ಪ್ರೋಗ್ರಾಮ್ ಕಳಿಸಿದ ಸಂದೇಶಕ್ಕೆ ಪಿಐಡಿ, ಯುಐಡಿ, ಆಯುಐಡಿ (ಮೊದಲು ಲಾಗಿನ್ ಆದವರ ಗುರುತು), ಸೆಷನ್ ಸಂಖ್ಯೆಗಳನ್ನು ಕರ್ನಲ್ಲೇ ಅಂಟಿಸುತ್ತದೆ. ಎಂಎಸ್‌ಜಿ ಎಂಬ ಉಲ್ಲೇಖದ ಒಳಗಿನದ್ದು ಮಾತ್ರ ಪ್ರೋಗ್ರಾಮಿನ ಮಾತು. ಫ್ರೀಬಿಎಸ್‌ಡಿಯ ಆಡಿಟ್ ಸಿಸ್‌ಕಾಲ್‌ನಲ್ಲಿ ಹಾಗಲ್ಲ: ಸಬ್ಜೆಕ್ಟ್ ಟೋಕನನ್ನು ಪ್ರೋಗ್ರಾಮೇ ತಯಾರಿಸಿ ಕೊಡುತ್ತದೆ, ಕರ್ನಲ್ ದಾಖಲೆಯ ಆಕಾರ ಸರಿಯಿದೆಯೇ ಎಂದಷ್ಟೇ ನೋಡುತ್ತದೆ. ಹಾಗಾಗಿ ಲೈಬ್ರರಿಯೇ ತುಂಬಲಿ, ಮತ್ತು ಓದುವ ಬದಿಯಲ್ಲಿ ಪ್ರತಿ ಕ್ಷೇತ್ರಕ್ಕೂ "ಕರ್ನಲ್ ಕಂಡದ್ದು" ಅಥವಾ "ಪ್ರೋಗ್ರಾಮ್ ಹೇಳಿದ್ದು" ಎಂಬ ಗುರುತು ಇರಲಿ. ಎರಡನ್ನೂ ಒಂದೇ ಕ್ಷೇತ್ರದಲ್ಲಿ ಬೆರೆಸಿದರೆ ತನಿಖೆ ಮಾಡುವವರಿಗೆ ಯಾವುದನ್ನು ಎಷ್ಟು ನಂಬಬೇಕೆಂದೇ ಗೊತ್ತಾಗದು.

ಗುರುತು ಒಂದಲ್ಲ, ಕನಿಷ್ಠ ಎರಡು: ಮೊದಲು ಲಾಗಿನ್ ಆದವರು ಯಾರು, ಈಗ ಯಾರ ಅಧಿಕಾರದಲ್ಲಿ ಓಡುತ್ತಿದೆ. ಸುಡೋ ಮಾಡಿದರೂ ಆಯುಐಡಿ ಬದಲಾಗದು, ಬಿಎಸ್ಎಂನಲ್ಲೂ ಹಾಗೇ. ವಿಂಡೋಸ್‌ನಲ್ಲಿ ಅದಕ್ಕೆ ಸರಿಸಾಟಿ ಇಲ್ಲ; 64 ಬಿಟ್‌ನ ಲಾಗಾನ್ ಐಡಿ ಹಿಡಿದು 4624 ಎಂಬ ಲಾಗಿನ್ ದಾಖಲೆಗೆ ಹಿಂದೆ ಹೋಗಬೇಕು. ಯುನಿಕ್ಸ್‌ನ ಯುಐಡಿ ಅಂಕೆ, ವಿಂಡೋಸ್ ಖಾತೆಯ ಎಸ್ಐಡಿ ಉದ್ದ ಬದಲಾಗುವ ಬೈಟು ಸಾಲು. ಆದ್ದರಿಂದ ಗುರುತು ಎಂಬುದು ವಿಧ ಮತ್ತು ಬೈಟುಗಳ ಜೋಡಿ ಆಗಿರಲಿ, ಇಂಟ್ ಬೇಡ. ಲಾಗಿನ್ ಇಲ್ಲದೆ ಶುರುವಾದ ಡೀಮನ್‌ಗೆ ಲಿನಕ್ಸ್ 4294967295 ಎಂದು ಬರೆಯುತ್ತದೆ. ಅದನ್ನು ಹಾಗೇ ಮೇಲಕ್ಕೆ ಕಳಿಸಬೇಡಿ, "ನಿಗದಿಯಾಗಿಲ್ಲ" ಎಂಬ ಬೇರೆ ಸ್ಥಿತಿ ಕೊಡಿ. ಯಾರಾದರೂ ಅದನ್ನು ಚಿಹ್ನೆಸಹಿತ 32 ಬಿಟ್‌ಗೆ ಹಾಕಿ ಮೈನಸ್ 1 ಮಾಡಿ ಡೇಟಾಬೇಸ್‌ನಲ್ಲಿ ಎರಡು ಬೇರೆ ಬಳಕೆದಾರರನ್ನು ಸೃಷ್ಟಿಸುತ್ತಾರೆ.

ತಂತುಜಾಲ

> ದಾಖಲೆ = ಆಡಿಟ್_ಕಾಯ್ದಿರಿಸು(...)

ಕಾಯ್ದಿರಿಸುವುದು ಯಾಕೆ? ಕೆಲಸ ಮುಗಿದ ಮೇಲೆ ಒಂದೇ ಸಲ ಬರೆದರೆ ಸಾಲದೆ? ಸಲ್ಲಿಸು ಮರಳಿ ಬಂದರೆ ಡಿಸ್ಕ್‌ಗೆ ಹೋಯಿತು ಎಂದು ತಿಳಿಯಬಹುದೆ?

ಕಡಲತಡಿ

ಎರಡನೆಯದಕ್ಕೆ ಮೊದಲು: ಇಲ್ಲ, ಯಾವ ಓಎಸ್‌ನಲ್ಲೂ ಹಾಗೆ ಮಾತು ಕೊಡಬೇಡಿ. ಲಿನಕ್ಸ್‌ನಲ್ಲಿ ನೆಟ್‌ಲಿಂಕ್ (ಕರ್ನಲ್ ಜೊತೆ ಮಾತಾಡುವ ಸಾಕೆಟ್) ಒಪ್ಪಿಗೆ ಬಂತೆಂದರೆ ಕರ್ನಲ್ ಸ್ವೀಕರಿಸಿತು ಎಂದಷ್ಟೇ ಅರ್ಥ. ಆಡಿಟ್‌ಡಿಯಲ್ಲಿ ಫ್ಲಶ್ ಇನ್‌ಕ್ರಿಮೆಂಟಲ್_ಅಸಿಂಕ್, ಫ್ರೀಕ್ 50 ಎಂದಿದ್ದರೆ 50 ದಾಖಲೆಗೊಮ್ಮೆ ಡಿಸ್ಕ್‌ಗೆ ತಳ್ಳುತ್ತದೆ. ಸಿಂಕ್ ಎಂದು ಬದಲಿಸಿದರೆ ಪ್ರತಿ ದಾಖಲೆಗೂ ಡಿಸ್ಕ್ ಕಾಯಬೇಕು, ವೇಗ ಬಿದ್ದುಹೋಗುತ್ತದೆ. ಅದು ನಿರ್ವಾಹಕರ ಆಯ್ಕೆ, ಲೈಬ್ರರಿಯದ್ದಲ್ಲ. ಫ್ರೀಬಿಎಸ್‌ಡಿಯಲ್ಲೂ ದಾಖಲೆ ಸರತಿಗೆ ಹೋಗಿ ಕರ್ನಲ್ ಕೆಲಸಗಾರ ಥ್ರೆಡ್ ಬರೆಯುತ್ತದೆ. "ಕರ್ನಲ್ ಸ್ವೀಕರಿಸಿತು" ಇಷ್ಟೇ ಎಲ್ಲ ಕಡೆ ನಿಜವಾಗುವ ಮಾತು.

ಮೊದಲನೆಯದಕ್ಕೆ: ಬಾಗಿಲು ತೆರೆದ ಮೇಲೆ ಮೆಮೊರಿ ಸಿಗಲಿಲ್ಲ ಎಂದು ದಾಖಲೆ ತಪ್ಪಿದರೆ, ತೆರೆದ ಬಾಗಿಲನ್ನು ಹಿಂದಕ್ಕೆ ಮುಚ್ಚಲಾಗದು. ಬೇಕಾದ ಮೆಮೊರಿ, ಸಾಕೆಟ್, ಅಧಿಕಾರ ಎಲ್ಲ ಮೊದಲೇ ಕೈಯಲ್ಲಿರಲಿ. ಕಾಯ್ದಿರಿಸಿ ಸಲ್ಲಿಸದೆ ಬಿಟ್ಟದ್ದಕ್ಕೆ ಆಡಿಟ್_ಬಿಡು ಎಂಬ ಕರೆ ಬೇರೆ ಇರಲಿ.

ಶೂನ್ಯಸೂಚಕ

ಇದಕ್ಕೆ ನನ್ನ ಅರ್ಧ ಒಪ್ಪಿಗೆ. ಕಾಯ್ದಿರಿಸುವುದು ಮೆಮೊರಿಗೆ ಸರಿ, ಕರ್ನಲ್ ಸರತಿಯಲ್ಲಿ ಜಾಗ ಕಾದಿಡುವ ದಾರಿ ಲಿನಕ್ಸ್ ಬಳಕೆದಾರ ಪ್ರೋಗ್ರಾಮಿಗೆ ಕೊಡುವುದಿಲ್ಲ. ಹೆಸರು ಆ ಭ್ರಮೆ ಹುಟ್ಟಿಸುತ್ತದೆ. "ಆರಂಭಿಸು" ಎನ್ನಿ ಸಾಕು. ನಿಜವಾಗಿಯೂ ಬಿಗಿ ಬೇಕಾದಲ್ಲಿ ಎರಡು ದಾಖಲೆ ಬರೆಯಿರಿ: ಕೆಲಸಕ್ಕೆ ಮೊದಲು "ಮಾಡಲು ಹೊರಟಿದ್ದಾರೆ", ಆಮೇಲೆ ಫಲಿತಾಂಶ. ಮೊದಲನೆಯದನ್ನು ಕರ್ನಲ್ ಒಪ್ಪದಿದ್ದರೆ ಕೆಲಸವನ್ನೇ ಮಾಡಬೇಡಿ. ಕೀಲಿ ಹೊರತೆಗೆಯುವುದು, ಆಡಿಟ್ ನೀತಿ ಬದಲಿಸುವುದು ಇಂಥವಕ್ಕೆ ಮಾತ್ರ. ಪ್ರತಿ ಲಾಗಿನ್‌ಗೆ ಮಾಡಿದರೆ ಲಾಗ್ ಎರಡು ಪಟ್ಟು.

ಕಡಲತಡಿ

ಹೆಸರಿನ ಮಾತು ಒಪ್ಪಿದೆ. "ಆರಂಭಿಸು".

ಬೀದರ್‌ಬೈಟ್

ದಾಖಲೆ ಬರಿಯಾಕ ಆಗ್ಲಿಲ್ಲ ಅಂದ್ರ ಲಾಗಿನ್ ತಡೀಬೇಕೋ ಬಿಡಬೇಕೋ? ಕಂಟೇನರ್ ಒಳಗ ಇದು ದಿನಾ ಬರ್ತದ.

ಶೂನ್ಯಸೂಚಕ

ಯಾವ ತಪ್ಪು ಎಂಬುದರ ಮೇಲೆ ಹೋಗುತ್ತದೆ, ಅದನ್ನು ಎಪಿಐ ಬಿಡಿಸಿ ಹೇಳಬೇಕು. ನಾಲ್ಕು ಬಗೆ ಸಾಕು.

ಒಂದು, ಇಲ್ಲಿ ಆಡಿಟ್ ಇಲ್ಲವೇ ಇಲ್ಲ. ಲಿನಕ್ಸ್‌ನಲ್ಲಿ ಸಾಕೆಟ್ ತೆರೆಯುವಾಗಲೇ ಪ್ರೋಟೋಕಾಲ್ ಗೊತ್ತಿಲ್ಲ, ವಿಳಾಸ ಕುಟುಂಬ ಗೊತ್ತಿಲ್ಲ ಎಂಬ ದೋಷ ಬಂದರೆ ಕರ್ನಲ್ ಆಡಿಟ್ ಇಲ್ಲದೆ ಕಟ್ಟಿದ್ದು ಎಂದರ್ಥ. ಫ್ರೀಬಿಎಸ್‌ಡಿಯ ಜೈಲ್ (ಕಂಟೇನರ್‌ನಂಥದ್ದು) ಒಳಗಿಂದ ಆಡಿಟ್ ಸಿಸ್‌ಕಾಲ್ ಮಾಡಿದರೆ ಇನೋಸಿಸ್, ಅಂದರೆ ಇಂಥ ಕರೆಯೇ ಇಲ್ಲ ಎಂಬ ಉತ್ತರ. ಲಿನಕ್ಸ್‌ನಲ್ಲಿ ಬೇರೆ ಯೂಸರ್ ನೇಮ್‌ಸ್ಪೇಸ್‌ನಿಂದ ಕಳಿಸಿದರೆ ಸಂಪರ್ಕ ನಿರಾಕರಣೆ. ಇವು ಮೂರನ್ನೂ ಒಂದೇ ಬೆಲೆಗೆ ಇಳಿಸಿ: "ಇಲ್ಲಿ ಲಭ್ಯವಿಲ್ಲ". ಇಲ್ಲಿ ಲಾಗಿನ್ ಬಿಡುವುದೇ ರೂಢಿ.

ಎರಡು, ಆಡಿಟ್ ಇದೆ, ನಿಮಗೆ ಅಧಿಕಾರ ಇಲ್ಲ. ಲಿನಕ್ಸ್‌ನಲ್ಲಿ 29ನೇ ಕೇಪಬಿಲಿಟಿಯಾದ ಆಡಿಟ್_ರೈಟ್ ಬೇಕು. ಡಾಕರ್ ತನ್ನ ಪೂರ್ವನಿಯೋಜಿತ ಪಟ್ಟಿಯಲ್ಲಿ ಅದನ್ನು ಕೊಡುತ್ತದೆ; ಎಲ್ಲ ಕೇಪಬಿಲಿಟಿ ಕಿತ್ತು ಹಾಕಿ ಓಡಿಸುವವರಲ್ಲಿ ಇದು ಬರುತ್ತದೆ. ವಿಂಡೋಸ್‌ನಲ್ಲಿ ಆಥ್ಝ್ ಕುಟುಂಬದ ಕರೆಗಳಿಂದ ಸೆಕ್ಯೂರಿಟಿ ಲಾಗ್‌ಗೆ ಬರೆಯಲು "ಭದ್ರತಾ ಆಡಿಟ್ ಸೃಷ್ಟಿಸುವ" ಹಕ್ಕು ಬೇಕು, ಅದು ಲೋಕಲ್ ಸರ್ವಿಸ್ ಮತ್ತು ನೆಟ್‌ವರ್ಕ್ ಸರ್ವಿಸ್ ಖಾತೆಗಳಿಗೆ ಮೊದಲಿಂದ ಇರುತ್ತದೆ. ಇದು ಸ್ಥಾಪನೆಯ ದೋಷ, ಶುರುವಿನಲ್ಲೇ ಪ್ರೋಗ್ರಾಮ್ ನಿಲ್ಲಬೇಕು. ಮೊದಲ ಲಾಗಿನ್‌ವರೆಗೆ ಕಾಯಬಾರದು. ಆಡಿಟ್_ಬರಹ_ತೆರೆ ಇದನ್ನು ಪರೀಕ್ಷಿಸಲಿ.

ಮೂರು, ತಾತ್ಕಾಲಿಕವಾಗಿ ಜಾಗ ಇಲ್ಲ. ನಾಲ್ಕು, ದಾಖಲೆಯೇ ಅಮಾನ್ಯ ಅಥವಾ ತೀರಾ ಉದ್ದ. ಲಿಬ್‌ಆಡಿಟ್‌ನಲ್ಲಿ ಸಂದೇಶದ ಮಿತಿ 8970 ಬೈಟ್. ಉದ್ದವಾದದ್ದನ್ನು ಸದ್ದಿಲ್ಲದೆ ಕತ್ತರಿಸಬೇಡಿ, ಕತ್ತರಿಸಿದರೆ ಕತ್ತರಿಸಿದ ಗುರುತು ಹಾಕಿ.

ಹಳೇಕರ್ನಲ್

ಮೂರನೆಯದರ ಹಿಂದಿರುವ ಲೆಕ್ಕ ಹೇಳುತ್ತೇನೆ. ಲಿನಕ್ಸ್ ಕರ್ನಲ್ ಬ್ಯಾಕ್‌ಲಾಗ್ ಮಿತಿ ತಾನಾಗಿ 64. ವಿತರಣೆಗಳ ನಿಯಮ ಫೈಲಿನಲ್ಲಿ ಸಾಮಾನ್ಯವಾಗಿ 8192. ಎಣಿಸುವುದು ಘಟನೆಯನ್ನಲ್ಲ, ಸಾಲುಗಳನ್ನು. ಬಿಲ್ಡ್ ಯಂತ್ರವೊಂದು ಸೆಕೆಂಡಿಗೆ 2000 ಎಕ್ಸೆಕ್‌ವಿಇ ಮಾಡಿತೆನ್ನಿ, ತಲಾ ಆರು ಸಾಲು, 12,000. ಆಡಿಟ್‌ಡಿ ಡಿಸ್ಕ್‌ಗಾಗಿ 0.7 ಸೆಕೆಂಡು ನಿಂತರೆ 8192 ತುಂಬಿತು. ಆಮೇಲೆ ಕರೆ ಮಾಡಿದ ಪ್ರೋಸೆಸ್ಸೇ ಕಾಯುತ್ತದೆ, ಕರ್ನಲ್‌ನ ಪೂರ್ವನಿಯೋಜಿತ ಮಿತಿ 60 ಸೆಕೆಂಡು. ಆ ಅವಧಿಯೂ ಮೀರಿದರೆ ಲಾಸ್ಟ್ ಎಣಿಕೆ ಏರುತ್ತದೆ, ಮುಂದೇನು ಎಂಬುದು ಆಡಿಟ್‌ಸಿಟಿಎಲ್‌ನ ಎಫ್ ಆಯ್ಕೆಯಲ್ಲಿ: 0 ಸುಮ್ಮನಿರು, 1 ಕರ್ನಲ್ ಲಾಗ್‌ನಲ್ಲಿ ಹೇಳು, 2 ಪ್ಯಾನಿಕ್. ಫ್ರೀಬಿಎಸ್‌ಡಿಯಲ್ಲಿ ಆಡಿಟ್_ಕಂಟ್ರೋಲ್ ಫೈಲಿನ ನೀತಿಯಲ್ಲಿ ಸಿಎನ್‌ಟಿ ಇದ್ದರೆ ದಾಖಲೆ ಬಿಟ್ಟು ಮುಂದುವರಿ, ಎಎಚ್ಎಲ್‌ಟಿ ಇದ್ದರೆ ಯಂತ್ರ ನಿಲ್ಲಿಸು. ವಿಂಡೋಸ್‌ನಲ್ಲಿ ಯಂತ್ರ ನಿಲ್ಲಿಸಲು ಕ್ರಾಶ್‌ಆನ್‌ಆಡಿಟ್‌ಫೇಲ್.

ಇವುಗಳನ್ನು ಬದಲಿಸುವ ಕರೆ ನಿಮ್ಮ ಎಪಿಐಯಲ್ಲಿ ಬೇಡ. ಇದೇ ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ. ಬಿಎಸ್ಎಂನಲ್ಲಿ ನಿಯಮ ಎಂದರೆ ಬಳಕೆದಾರನಿಗೆ ಅಂಟಿದ ಎಲ್ಓ (ಲಾಗಿನ್), ಎಎ (ದೃಢೀಕರಣ), ಎಫ್‌ಡಬ್ಲ್ಯು (ಫೈಲ್ ಬರಹ) ಮುಂತಾದ ವರ್ಗಗಳು. ಲಿನಕ್ಸ್‌ನಲ್ಲಿ ಸಿಸ್‌ಕಾಲ್ ಮತ್ತು ಕ್ಷೇತ್ರಗಳ ಮೇಲೆ ಹೋಲಿಕೆ. ವಿಂಡೋಸ್‌ನಲ್ಲಿ ಅರ್ಧ ಉಪವರ್ಗ ನೀತಿಯಲ್ಲಿ, ಇನ್ನರ್ಧ ಆಯಾ ವಸ್ತುವಿಗೆ ಅಂಟಿದ ಎಸ್ಎಸಿಎಲ್ ಎಂಬ ಆಡಿಟ್ ಪಟ್ಟಿಯಲ್ಲಿ. ಮೂರನ್ನೂ ಮುಚ್ಚುವ ಒಂದು ನಿಯಮ ಭಾಷೆ ಬರೆದರೆ ಅದು ಮೂರರಲ್ಲೂ ಸಾಮಾನ್ಯವಾದ ಚಿಕ್ಕ ತುಣುಕಿಗೆ ಇಳಿಯುತ್ತದೆ. ಲಿನಕ್ಸ್‌ನಲ್ಲಿ ಆಡಿಟ್‌ಸಿಟಿಎಲ್‌ಗೆ ಇ 2 ಎಂದು ಕೊಟ್ಟು ಬೀಗ ಹಾಕಿದ್ದರೆ ರೀಬೂಟ್ ಆಗುವವರೆಗೆ ಯಾರೂ ನಿಯಮ ಬದಲಿಸಲಾಗದು, ಅದು ಇರಬೇಕಾದದ್ದೇ ಹಾಗೆ. ಓದಲು ಮಾತ್ರ ಕರೆ ಇಡಿ: ಆಡಿಟ್ ಚಾಲೂ ಇದೆಯೇ, ಬೀಗ ಬಿದ್ದಿದೆಯೇ, ಮಿತಿ ಎಷ್ಟು, ಕಳೆದದ್ದು ಎಷ್ಟು.

ಕಡಲತಡಿ

ಇನ್ನು ಕಳೆದದ್ದನ್ನು ತಿಳಿಸುವ ಬಗೆ. ನಷ್ಟವನ್ನು ದೋಷ ಸಂಖ್ಯೆಯಾಗಿ ಕೊಡಬೇಡಿ, ಘಟನೆಗಳ ಸಾಲಿನಲ್ಲೇ ಒಂದು ಘಟನೆಯಾಗಿ ಕೊಡಿ: "ಇಲ್ಲಿ ಅಂತರ, ಇಷ್ಟು ದಾಖಲೆ" ಅಥವಾ "ಇಲ್ಲಿ ಅಂತರ, ಎಷ್ಟೆಂದು ತಿಳಿಯದು". ದೋಷ ಸಂಖ್ಯೆಯನ್ನು ಲೂಪಿನಲ್ಲಿ ಕಂಟಿನ್ಯೂ ಹಾಕಿ ದಾಟುತ್ತಾರೆ. ಘಟನೆಯಾದರೆ ಡೇಟಾಬೇಸ್‌ವರೆಗೆ ಹೋಗುತ್ತದೆ.

ಅದನ್ನು ಕಂಡುಹಿಡಿಯುವ ದಾರಿ ಒಂದೊಂದು ಕಡೆ ಒಂದೊಂದು. ಲಿನಕ್ಸ್‌ನಲ್ಲಿ ಲಾಸ್ಟ್ ಎಣಿಕೆಯ ವ್ಯತ್ಯಾಸ ನೋಡಿ. ಸರಣಿ ಸಂಖ್ಯೆ ಹಾರಿದ್ದನ್ನೇ ನಷ್ಟ ಎಂದುಕೊಳ್ಳಬೇಡಿ, ದಾಖಲೆಗೆ ಬರದ ಘಟನೆಗಳೂ ಸಂಖ್ಯೆ ಬಳಸಿಕೊಳ್ಳಬಹುದು. ಫ್ರೀಬಿಎಸ್‌ಡಿಯ ಆಡಿಟ್‌ಪೈಪ್ ಸಾಧನ ನೇರ ಓದಲು ಒಳ್ಳೆಯದು, ಆದರೆ ಅದರ ಸರತಿ ಪೂರ್ವನಿಯೋಜಿತ 128 ದಾಖಲೆ, ಹೆಚ್ಚೆಂದರೆ 1024. ತುಂಬಿದರೆ ಬಿಡುತ್ತದೆ, ಬಿಟ್ಟದ್ದರ ಎಣಿಕೆ ಐಓಸಿಟಿಎಲ್‌ನಲ್ಲಿ ಸಿಗುತ್ತದೆ. ಮೂಲ ಫೈಲಿನಲ್ಲಿ ಆ ದಾಖಲೆಗಳು ಇರುತ್ತವೆ, ಹಾಗಾಗಿ ಅಂತರ ಕಂಡಾಗ ಅಲ್ಲಿಂದ ತುಂಬಬಹುದು. ವಿಂಡೋಸ್‌ನಲ್ಲಿ ಬುಕ್‌ಮಾರ್ಕ್ ಇಟ್ಟು ಚಂದಾ ಮಾಡುವಾಗ ಸ್ಟ್ರಿಕ್ಟ್ ಗುರುತು ಹಾಕದಿದ್ದರೆ, ಹಳೆಯ ದಾಖಲೆ ಮೇಲೆ ಹೊಸದು ಬರೆದು ಹೋಗಿದ್ದರೂ ಅದು ಮಾತಾಡದೆ ಮುಂದಿನದ್ದು ಕೊಡುತ್ತದೆ. ಸ್ಟ್ರಿಕ್ಟ್ ಕಡ್ಡಾಯ.

ಮತ್ತೆ ಮುಂದುವರಿಯುವ ಗುರುತು, ಕರ್ಸರ್, ಪೂರ್ತಿ ಅಪಾರದರ್ಶಕ ಬೈಟುಗಳಾಗಿರಲಿ. ಒಳಗೆ ಲಿನಕ್ಸ್‌ಗೆ ಬೂಟ್ ಗುರುತು, ಸಮಯ, ಸರಣಿ ಸಂಖ್ಯೆ. ಸರಣಿ 32 ಬಿಟ್, ಪ್ರತಿ ಬೂಟ್‌ಗೂ ಹೊಸದಾಗಿ ಶುರು, ಆದ್ದರಿಂದ ಅದೊಂದೇ ಸಾಲದು. ಬಿಎಸ್ಎಂಗೆ ಫೈಲ್ ಹೆಸರು ಮತ್ತು ಬೈಟ್ ಸ್ಥಾನ. ವಿಂಡೋಸ್‌ಗೆ ಬುಕ್‌ಮಾರ್ಕ್ ಎಕ್ಸ್ಎಂಎಲ್.

ಹಾಂ, ನಿಮ್ಮ ಓದುವ ಪ್ರೋಗ್ರಾಮ್ ತಾನು ಬರೆಯುವ ಫೈಲಿನ ಮೇಲೇ ನಿಯಮ ಇದ್ದರೆ ಒಂದು ದಾಖಲೆ ಇನ್ನೊಂದನ್ನು ಹುಟ್ಟಿಸಿ ಸುತ್ತು ಬೀಳುತ್ತದೆ. ಕರ್ನಲ್ ವಿನಾಯಿತಿ ಕೊಡುವುದು ಆಡಿಟ್‌ಡಿಗೆ, ಅದರ ಪ್ಲಗಿನ್‌ಗಳಿಗೆ ಅಲ್ಲ.

ಬೀದರ್‌ಬೈಟ್

ಕನ್ನಡದ ಫೈಲ್ ಹೆಸರು ಇದ್ರ ಲಿನಕ್ಸ್ ಲಾಗ್‌ನ್ಯಾಗ ಬರೀ ಹೆಕ್ಸ್ ಕಾಣ್ತದ. ಅದು ಬಗ್ ಏನ್ರಿ?

ಶೂನ್ಯಸೂಚಕ

ಬಗ್ ಅಲ್ಲ, ರಕ್ಷಣೆ. ಹೊರಗಿನಿಂದ ಬಂದ ಪಠ್ಯದಲ್ಲಿ ಖಾಲಿ ಜಾಗ, ಉಲ್ಲೇಖ ಚಿಹ್ನೆ, ಅಥವಾ ಮುದ್ರಿಸಬಹುದಾದ ಆಸ್ಕಿಯ ಹೊರಗಿನ ಬೈಟ್ ಒಂದಿದ್ದರೂ ಕರ್ನಲ್ ಇಡೀ ಬೆಲೆಯನ್ನು ಹೆಕ್ಸ್ ಮಾಡುತ್ತದೆ. ಇಲ್ಲದಿದ್ದರೆ ಯಾರೋ ಫೈಲ್ ಹೆಸರಿನಲ್ಲೇ ಹೊಸ ಸಾಲು ಹಾಕಿ, ಸುಳ್ಳು ದಾಖಲೆಯೊಂದನ್ನು ಸೇರಿಸಬಹುದು. ಉಲ್ಲೇಖದೊಳಗಿದ್ದರೆ ನೇರ ಪಠ್ಯ, ಉಲ್ಲೇಖ ಇಲ್ಲದಿದ್ದರೆ ಹೆಕ್ಸ್. "ವರದಿ" ಎಂಬ ಹೆಸರಿಗೆ ನಾಲ್ಕು ಕೋಡ್‌ಪಾಯಿಂಟ್, ಯುಟಿಎಫ್-8ರಲ್ಲಿ ತಲಾ 3 ಬೈಟ್, ಹೆಕ್ಸ್‌ನಲ್ಲಿ 24 ಅಂಕಿ.

ಎಪಿಐ ಪಾತನ್ನು ಬೈಟುಗಳಾಗಿಯೇ ಕೊಡಬೇಕು, ಜೊತೆಗೆ ಎನ್‌ಕೋಡಿಂಗ್ ಗುರುತು. ಯುನಿಕೋಡ್ ಸಾಮಾನ್ಯೀಕರಣ ಮಾಡಲೇಬೇಡಿ. "ಕೋಶ" ಎಂಬುದು ಕೂಡಿದ ರೂಪದಲ್ಲಿ 3 ಕೋಡ್‌ಪಾಯಿಂಟ್, 9 ಬೈಟ್. ಬಿಡಿಸಿದ ರೂಪದಲ್ಲಿ ಓತ್ವ ಮೂರು ತುಂಡಾಗಿ 5 ಕೋಡ್‌ಪಾಯಿಂಟ್, 15 ಬೈಟ್. ಪರದೆಯ ಮೇಲೆ ಎರಡೂ ಒಂದೇ. ಹಳೆಯ ಮ್ಯಾಕ್ ಎಚ್‌ಎಫ್ಎಸ್+ ಬಿಡಿಸಿಯೇ ಇಡುತ್ತಿತ್ತು. ಲಿನಕ್ಸ್‌ನಲ್ಲಿ ಅವೆರಡು ಬೇರೆ ಬೇರೆ ಫೈಲುಗಳಾಗಿ ಒಂದೇ ಡೈರೆಕ್ಟರಿಯಲ್ಲಿ ಇರಬಹುದು, ಮತ್ತು ಒಬ್ಬರ ಕಣ್ಣು ತಪ್ಪಿಸಲು ಬೇಕೆಂದೇ ಹಾಗೆ ಇಟ್ಟಿರಬಹುದು. ಹುಡುಕಾಟದ ಸೂಚಿಗೆ ಸಾಮಾನ್ಯೀಕರಿಸಿದ ಪ್ರತಿ ಬೇರೆ ಇಟ್ಟುಕೊಳ್ಳಿ. ವಿಂಡೋಸ್ ಹೆಸರು 16 ಬಿಟ್ ಘಟಕಗಳ ಸಾಲು, ಅದು ಸರಿಯಾದ ಯುಟಿಎಫ್-16 ಆಗಿರಲೇಬೇಕೆಂದಿಲ್ಲ. ಯುಟಿಎಫ್-8ಕ್ಕೆ ಬದಲಿಸಲಾಗದ್ದು ಬಂದರೆ ಪ್ರಶ್ನಾರ್ಥಕ ಚಿಹ್ನೆ ತುಂಬಬೇಡಿ.

ಹಳೇಕರ್ನಲ್

ಭಾರತದಲ್ಲಿ ಓಡಿಸುವವರಿಗೆ ಒಂದು ಮಾತು. ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಇಡಬೇಕು, ಘಟನೆಗಳನ್ನು 6 ಗಂಟೆಯೊಳಗೆ ತಿಳಿಸಬೇಕು, ಗಡಿಯಾರವನ್ನು ಎನ್‌ಐಸಿ ಅಥವಾ ಎನ್‌ಪಿಎಲ್ ಸಮಯಕ್ಕೆ ಹೊಂದಿಸಬೇಕು. ಒಂದು ಎಕ್ಸೆಕ್ ಘಟನೆಗೆ ಸುಮಾರು 1 ಕೆಬಿ ಎಂದು ಹಿಡಿದು, ಸರಾಸರಿ ಸೆಕೆಂಡಿಗೆ 50 ಎಂದರೆ ದಿನಕ್ಕೆ 4.32 ಜಿಬಿ, 180 ದಿನಕ್ಕೆ 778 ಜಿಬಿ, ಸಂಕುಚಿಸುವ ಮೊದಲು. ಮೂಲ ಬೈಟೂ ಇಡಿ, ಸಾಮಾನ್ಯ ರೂಪವೂ ಇಡಿ ಎಂದಾಗ ಇದು ದ್ವಿಗುಣ. ಹಾಗಾಗಿ ಸಾಮಾನ್ಯ ರೂಪವನ್ನು ಶಾಶ್ವತವಾಗಿ ಬರೆಯದೆ, ಮೂಲದಿಂದ ಬೇಕಾದಾಗ ಮತ್ತೆ ಹುಟ್ಟಿಸುವಂತೆ ಲೈಬ್ರರಿ ಇರಲಿ. ಸಾಮಾನ್ಯ ರೂಪಕ್ಕೆ ಪರಿವರ್ತಕದ ಆವೃತ್ತಿ ಸಂಖ್ಯೆ ಅಂಟಿಸಿ.

ಮತ್ತೆ ಗಡಿಯಾರ ಎನ್‌ಟಿಪಿಯಿಂದ ಹಿಂದಕ್ಕೆ ಹಾರಬಹುದು. ಸಮಯದಿಂದ ವಿಂಗಡಿಸಬೇಡಿ, ಕರ್ಸರ್ ಕ್ರಮವೇ ಕ್ರಮ.

ತಂತುಜಾಲ

ಹೆಡರ್‌ನ ಆಕಾರ ಸ್ಪಷ್ಟವಾಯಿತು: ಬರಹಗಾರ, ಓದುಗ, ಸ್ಥಿತಿ ಮೂರು ಬೇರೆ ಹ್ಯಾಂಡಲ್, ನಿಯಮ ಹಾಕುವುದು ಹೊರಗೆ. ಮ್ಯಾಕ್‌ಗೆ ಓಪನ್‌ಬಿಎಸ್ಎಂ ಕೋಡನ್ನೇ ಮರುಬಳಸಬಹುದೆ?

ಕಡಲತಡಿ

ಬೇಡ. ಮ್ಯಾಕ್‌ಓಎಸ್ 11ರಿಂದ ಅದನ್ನು ಕೈಬಿಡುವ ಪಟ್ಟಿಗೆ ಹಾಕಿದ್ದಾರೆ, 14ರಲ್ಲಿ ತಾನಾಗಿ ಚಾಲೂ ಇರುವುದಿಲ್ಲ. 10.15ರಲ್ಲಿ ಬಂದ ಎಂಡ್‌ಪಾಯಿಂಟ್ ಸೆಕ್ಯೂರಿಟಿ ಬಳಸಿ. ಆಪಲ್ ಕೊಡುವ ಎನ್‌ಟೈಟಲ್‌ಮೆಂಟ್ ಬೇಕು, ರೂಟ್ ಆಗಿ ಓಡಬೇಕು. ಸುದ್ದಿ ಮಾತ್ರ ಕೊಡುವ ನೋಟಿಫೈ ಘಟನೆಗಳಿಗೆ ಮಾತ್ರ ಚಂದಾ ಮಾಡಿ. ಅನುಮತಿ ಕೇಳುವ ಆಥ್ ಘಟನೆಗೆ ಗಡುವಿನೊಳಗೆ ಉತ್ತರ ಕೊಡದಿದ್ದರೆ ನಿಮ್ಮ ಪ್ರೋಸೆಸ್ಸನ್ನೇ ಕೊಲ್ಲುತ್ತದೆ. ಪ್ರತಿ ಸಂದೇಶದಲ್ಲೂ ಸರಣಿ ಸಂಖ್ಯೆ ಇದೆ, ಹೊಸ ಆವೃತ್ತಿಗಳಲ್ಲಿ ಜಾಗತಿಕ ಸರಣಿಯೂ ಇದೆ. ಅಲ್ಲಿ ಮಾತ್ರ ಸಂಖ್ಯೆ ಹಾರಿದರೆ ನಷ್ಟ ಎಂದೇ ಅರ್ಥ. ಆದರೆ ಹಳೆಯ ದಾಖಲೆಗೆ ಹಿಂದಿರುಗುವ ದಾರಿ ಇಲ್ಲ, ನಿಮ್ಮ ಪ್ರೋಗ್ರಾಮ್ ಬಿದ್ದಿದ್ದ ಹೊತ್ತಿನದ್ದು ಹೋಯಿತು. ಹಾಗಾಗಿ ಓದುಗ ತೆರೆದಾಗ "ಹಿಂದಿನಿಂದ ಓದಬಲ್ಲೆನೇ" ಎಂಬ ಸಾಮರ್ಥ್ಯದ ಬಿಟ್ ಒಂದು ಬೇಕಾಗುತ್ತದೆ. ಅದನ್ನು ಮೊದಲ ಆವೃತ್ತಿಯಲ್ಲೇ ಹೆಡರ್‌ಗೆ ಹಾಕಿಡಿ, ಮ್ಯಾಕ್ ಆಮೇಲೆ ಬಂದರೂ ಪರವಾಗಿಲ್ಲ.

ಶೂನ್ಯಸೂಚಕ

ಪರೀಕ್ಷೆಗೆ ಪ್ರತಿ ಓಎಸ್‌ನ ನಿಜವಾದ ಕಚ್ಚಾ ದಾಖಲೆಗಳನ್ನು ಸಂಗ್ರಹಿಸಿ ರೆಪೊದಲ್ಲಿಡಿ, ಹೆಸರು ವಿಳಾಸ ಬದಲಿಸಿ. ಕನಿಷ್ಠ ಇವು ಇರಲಿ: ಎರಡು ಘಟನೆಗಳ ಸಾಲು ಬೆರೆತದ್ದು, ಮಧ್ಯದಲ್ಲಿ ಕತ್ತರಿಸಿದ ಫೈಲ್, ಹೊಸ ಸಾಲು ಇರುವ ಫೈಲ್ ಹೆಸರು, ನಿಗದಿಯಾಗದ ಆಯುಐಡಿ, ಡೈರೆಕ್ಟರಿ ಡಿಸ್ಕ್ರಿಪ್ಟರ್ ಕೊಟ್ಟ ಓಪನ್‌ಅಟ್, ಗೊತ್ತಿಲ್ಲದ ಬಿಎಸ್ಎಂ ಟೋಕನ್, ಆರ್ಮ್64ರ ದಾಖಲೆಯನ್ನು ಎಕ್ಸ್86ರಲ್ಲಿ ಓದುವುದು. ಪಾರ್ಸರ್‌ಗೆ ಫಝರ್ (ಅಡ್ಡಾದಿಡ್ಡಿ ಬೈಟು ಉಣಿಸಿ ಪರೀಕ್ಷಿಸುವ ಸಾಧನ) ಹಚ್ಚಿ. ರೂಟ್ ಅಧಿಕಾರದಲ್ಲಿ ಓಡಿ, ಯಾರೋ ಅಪರಿಚಿತರು ಇಟ್ಟ ಫೈಲ್ ಹೆಸರುಗಳನ್ನು ಬಿಡಿಸುವ ಕೋಡ್ ಅದು. ಸಾಧ್ಯವಾದರೆ ಓದುವ ಸಾಕೆಟ್ ತೆರೆದ ಕೂಡಲೇ ಅಧಿಕಾರ ಕಳಚಿ, ಆಮೇಲೆ ಪಾರ್ಸ್ ಮಾಡಿ. ಲಿನಕ್ಸ್ 3.16ರಿಂದ ಮಲ್ಟಿಕಾಸ್ಟ್ ಗುಂಪು ಸೇರಲು 37ನೇ ಕೇಪಬಿಲಿಟಿ ಆಡಿಟ್_ರೀಡ್ ಒಂದೇ ಸಾಕು, ಆಡಿಟ್‌ಡಿಯ ಜಾಗ ಕಿತ್ತುಕೊಳ್ಳಬೇಕಾಗಿಯೂ ಇಲ್ಲ. ಆ ಗುಂಪಿನಲ್ಲಿ ತಲುಪಿಸುವ ಖಾತ್ರಿ ಇಲ್ಲ, ಅಂತರದ ಘಟನೆ ಅಲ್ಲಿಯೂ ಬೇಕು.